ಎಲ್ಲರೂ ಹೂಂ ಅಂದ್ಮೇಲೂ ಕೆಲಸ ಯಾಕೆ ಕೆಡುತ್ತೆ?

ಹೋದ ಸಂಚಿಕೇಲಿ "ನಾಲ್ಕು ಜನ ಸೇರಿ ಒಂದು ತೀರ್ಮಾನಕ್ಕೆ ಬರೋದ್ರಲ್ಲಿ ಏನು ಕಷ್ಟ ಆಗ್ತಿದೆ, ಬರೀರಿ" ಅಂತ ಒಂದೇ ಒಂದು ಸಾಲು ಹಾಕಿದ್ದೆ, ಅಷ್ಟಕ್ಕೇ ಪತ್ರಗಳ ರಾಶಿ ಬಂದು ಬಿದ್ದಿದೆ. ಆಫೀಸು, ಮನೆ, ಸಂಘ, ಫ್ರೆಂಡ್ಸ್ ಗ್ರೂಪು ಎಲ್ಲಾ ಕಡೆ ಒಂದೇ ಗೋಳು, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಮಾಡಿ ಉತ್ತರ ಬರೆದಿದ್ದೀನಿ. ಯಾರ ಹೆಸರೂ ಹಾಕಿಲ್ಲ, ಯಾಕಂದ್ರೆ ಸುಮಾರು ಜನ ತಮ್ಮ ಬಾಸ್ ಬಗ್ಗೇನೇ ಬರೆದಿದ್ದಾರೆ, ನಾಳೆ ನಂಗೆ ಶಾಪ ಹಾಕೋದು ಬೇಡ.

ಮೇಡಂ, ನಾನು ಒಂದು ಟೀಮಿನ ಲೀಡ್. ಮೀಟಿಂಗ್ ಕೊನೇಲಿ "ಎಲ್ಲರಿಗೂ ಓಕೆನಾ?" ಅಂತ ತಪ್ಪದೆ ಕೇಳ್ತೀನಿ, ಎಲ್ಲರೂ ಓಕೆ ಅಂತಾರೆ. ಹೊರಗೆ ಹೋಗಿ ಐದು ನಿಮಿಷಕ್ಕೆ "ಇದು ಆಗೋ ಹೋಗೋ ಕೆಲಸ ಅಲ್ಲ ಬಿಡು" ಅಂತ ಅವರವರೇ ಮಾತಾಡ್ಕೊಳ್ತಾರಂತೆ. ಎದುರಿಗೆ ಹೇಳೋಕೆ ಏನು ರೋಗ ಇವರಿಗೆ?

ರೋಗ ಇರೋದು ನಿಮ್ಮ ಪ್ರಶ್ನೆಗೆ ಅಂತ ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. "ಎಲ್ಲರಿಗೂ ಓಕೆನಾ" ಅನ್ನೋದಕ್ಕೆ ಇರೋದು ಒಂದೇ ಉತ್ತರ. ಅದನ್ನ ಕೇಳೋ ಹೊತ್ತಿಗೆ ಅರ್ಧ ಜನ ಲ್ಯಾಪ್‌ಟಾಪ್ ಮುಚ್ಚಿರ್ತಾರೆ, ಒಬ್ರು ಕುರ್ಚಿ ಹಿಂದಕ್ಕೆ ಸರಿಸಿರ್ತಾರೆ, ಆಗ "ಇಲ್ಲ ಸರ್, ನಂಗೊಂದು ಡೌಟಿದೆ" ಅಂತ ಬಾಯಿ ಬಿಟ್ಟೋನ ಕಡೆ ಎಲ್ಲರೂ ತಿರುಗಿ ನೋಡೋ ನೋಟ ಇದೆಯಲ್ಲ, ಅದನ್ನ ಒಂದು ಸಲ ಉಂಡೋರು ಎರಡನೇ ಸಲ ಡೌಟ್ ಕೇಳಲ್ಲ. ಕೋಲೆ ಬಸವನ ಥರ ತಲೆ ಆಡಿಸಿ ಎದ್ದು ಹೋಗ್ತಾರೆ.

ಸಾಲಮನ್ ಆಶ್ ಅಂತ ಒಬ್ಬ ಅಮೆರಿಕನ್ ಮನಃಶಾಸ್ತ್ರಜ್ಞ 1950ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದ, ಈಗ ಕೇಳಿದ್ರೂ ಮೈ ಜುಂ ಅನ್ನುತ್ತೆ. ಒಂದು ಕಾರ್ಡಲ್ಲಿ ಒಂದು ಗೆರೆ, ಇನ್ನೊಂದು ಕಾರ್ಡಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆ, ಇವುಗಳಲ್ಲಿ ಯಾವುದು ಮೊದಲನೇದರಷ್ಟೇ ಉದ್ದ ಇದೆ ಹೇಳಿ, ಅಷ್ಟೇ. ಚಿಕ್ಕ ಮಗು ಕೂಡ ಹೇಳುತ್ತೆ. ಆದ್ರೆ ರೂಮಲ್ಲಿ ಕೂತಿರೋರಲ್ಲಿ ನಿಜವಾಗಿ ಪರೀಕ್ಷೆಗೆ ಬಂದೋನು ಒಬ್ಬನೇ, ಮಿಕ್ಕೋರೆಲ್ಲ ಆಶ್ ಕಡೆಯೋರು. ಅವರೆಲ್ಲ ಒಬ್ಬರಾದ್ಮೇಲೆ ಒಬ್ರು ಮುಖ ಗಂಭೀರ ಮಾಡ್ಕೊಂಡು ಒಂದೇ ತಪ್ಪು ಉತ್ತರ ಹೇಳ್ತಾ ಬರ್ತಾರೆ, ಆಮೇಲೆ ಇವನ ಸರದಿ. 18 ಸುತ್ತಲ್ಲಿ 12 ಸುತ್ತು ಹೀಗೆ ಬೇಕಂತಲೇ ತಪ್ಪು ಹೇಳಿಸಿದ್ರು. ಸುಮಾರು ಮುಕ್ಕಾಲು ಪಾಲು ಜನ ಒಂದು ಸಲನಾದ್ರೂ ತಮ್ಮ ಕಣ್ಣನ್ನ ನಂಬದೆ ಗುಂಪಿನ ಜೊತೆ ಹೋದ್ರು. ಗಮನಿಸಿ, ಅಲ್ಲಿ ಬಾಸ್ ಇರ್ಲಿಲ್ಲ, ಅಪ್ರೈಸಲ್ ಇರ್ಲಿಲ್ಲ, ಗುರುತೇ ಇಲ್ಲದ ಜನ. ಅಲ್ಲೇ ಹೀಗಾದ್ರೆ ಸಂಬಳ ಕೊಡೋರ ಮುಂದೆ ಹೇಗಿರುತ್ತೆ ಲೆಕ್ಕ ಹಾಕಿ.

ಆದ್ರೆ ಅದೇ ಪ್ರಯೋಗದಲ್ಲಿ ಇನ್ನೂ ಎರಡು ವಿಷಯ ಗೊತ್ತಾಯ್ತು, ನಿಮಗೆ ಬೇಕಾಗಿರೋದು ಅವು. ರೂಮಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿ ಉತ್ತರ ಹೇಳಿದ್ರೆ ಸಾಕು, ಈ ಮನುಷ್ಯ ಗುಂಪಿಗೆ ತಲೆಬಾಗೋದು ತುಂಬಾ ಇಳಿದುಹೋಗ್ತಿತ್ತು. ಇನ್ನೊಂದು, ಮಿಕ್ಕೋರೆಲ್ಲ ಬಾಯಲ್ಲಿ ಹೇಳ್ತಿದ್ರೂ ಇವನೊಬ್ಬನಿಗೆ ಉತ್ತರ ಚೀಟೀಲಿ ಬರೆಯೋಕೆ ಬಿಟ್ಟಾಗ್ಲೂ ಇಳೀತು.

ಚೀಟಿ! ನಾನು ಹಿಂದೆ ಒಂದು ಸ್ಮರಣ ಸಂಚಿಕೆ ಸಮಿತೀಲಿದ್ದೆ, ಏಳು ಜನ. ಅಧ್ಯಕ್ಷರು ಬಿಡುಗಡೆ ತಾರೀಕು ಹೇಳಿದ್ರು, ಎಲ್ಲರೂ ಆಗ್ಲಿ ಆಗ್ಲಿ ಅಂದ್ವಿ, ನಾನೂ ಅಂದೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಒಬ್ಬ ಹುಡುಗಿ, ಎಲ್ಲರಿಗಿಂತ ಚಿಕ್ಕೋಳು, "ಒಂದು ನಿಮಿಷ, ಈ ತಾರೀಕು ತಪ್ಪಿಹೋಯ್ತು ಅಂದ್ಕೊಳ್ಳಿ, ಯಾಕೆ ತಪ್ಪಿತು ಅಂತ ಎಲ್ಲರೂ ಒಂದೊಂದು ಸಾಲು ಬರೀರಿ, ಹೆಸರು ಬೇಡ" ಅಂತ ಹಳೇ ಪ್ರೂಫ್ ಹಾಳೆ ಹರಿದು ಹಂಚಿದ್ಲು. ಏಳು ಚೀಟೀಲಿ ನಾಲ್ಕರಲ್ಲಿ ಒಂದೇ ಸಾಲು, ಪ್ರೂಫ್ ನೋಡೋಕೆ ಜನ ಇಲ್ಲ ಅಂತ. ಎರಡು ನಿಮಿಷದ ಹಿಂದೆ ಆಗ್ಲಿ ಅಂದಿದ್ದ ಏಳು ಜನದಲ್ಲಿ ನಾಲ್ಕು ಜನಕ್ಕೆ ಆಗಲ್ಲ ಅಂತ ಗೊತ್ತಿತ್ತು, ಅದ್ರಲ್ಲಿ ಒಂದು ಚೀಟಿ ಅಧ್ಯಕ್ಷರ ಕೈಬರಹ! ಈ ಉಪಾಯಕ್ಕೆ ಗ್ಯಾರಿ ಕ್ಲೈನ್ ಅನ್ನೋ ಮನಃಶಾಸ್ತ್ರಜ್ಞ ಪ್ರೀ-ಮಾರ್ಟಮ್ ಅಂತ ಹೆಸರಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯ್ತು. ಸತ್ತ ಮೇಲೆ ಕೊಯ್ದು ನೋಡೋ ಬದಲು ಸಾಯೋ ಮೊದಲೇ ಸಾವಿನ ಕಾರಣ ಬರೆಯೋದು. ಇದ್ರಲ್ಲಿರೋ ಚೆಂದ ಏನಂದ್ರೆ, ತಪ್ಪು ಹುಡುಕೋದೇ ಆಗ ಎಲ್ಲರಿಗೂ ಕೊಟ್ಟಿರೋ ಕೆಲಸ ಆಗಿಬಿಡುತ್ತೆ, ಹೇಳಿದೋನು ಅಪಶಕುನದೋನು ಅನ್ನಿಸ್ಕೊಳ್ಳಲ್ಲ.

ನೀವು ಇಷ್ಟು ಮಾಡಿ. ಮೊದಲು ಬರೆಸಿ, ಆಮೇಲೆ ಮಾತಾಡ್ಸಿ, ನೀವು ಎಲ್ಲರಿಗಿಂತ ಕೊನೇಲಿ ಮಾತಾಡಿ. ಕೊನೇದೇ ಕಷ್ಟ, ನಂಗೊತ್ತು, ನಾಲಿಗೆ ತುದೀಲಿ ಬಂದಿರುತ್ತೆ.

ಒಂಬತ್ತು ಜನ ಫ್ರೆಂಡ್ಸ್ ಟ್ರಿಪ್ ಹೊರಟ್ವಿ. ಬೆಟ್ಟ, ಸಮುದ್ರ, ಕಾಡು ಅಂತ ಮೂರು ಆಯ್ಕೆ, ಗ್ರೂಪಲ್ಲಿ ವೋಟ್ ಹಾಕಿದ್ವಿ. ಬೆಟ್ಟಕ್ಕೆ 4, ಸಮುದ್ರಕ್ಕೆ 3, ಕಾಡಿಗೆ 2. ಬೆಟ್ಟ ಗೆದ್ದಿತು. ಹೋಗಿ ಬಂದ್ಮೇಲೆ ನೋಡಿದ್ರೆ ಐದು ಜನ ಮುಖ ಊದಿಸ್ಕೊಂಡಿದ್ದಾರೆ. ವೋಟ್ ಹಾಕಿಯೇ ತಾನೇ ಹೋಗಿದ್ದು, ಇದು ಯಾವ ನ್ಯಾಯ?

ನಿಮ್ಮ ಪತ್ರದ ಎರಡನೇ ಹಾಳೇಲಿ ಯಾರ್ಯಾರಿಗೆ ಎರಡನೇ ಇಷ್ಟ ಏನಿತ್ತು ಅಂತ ಕೂಡ ಬರೆದಿದ್ದೀರಲ್ಲ, ಪುಣ್ಯಾತ್ಮ, ಅದೇ ಬಂಗಾರ. ಬೆಟ್ಟ ಅಂದ 4 ಜನಕ್ಕೆ ಎರಡನೇದು ಕಾಡು, ಕೊನೇದು ಸಮುದ್ರ. ಸಮುದ್ರ ಅಂದ 3 ಜನಕ್ಕೆ ಎರಡನೇದು ಕಾಡು, ಕೊನೇದು ಬೆಟ್ಟ. ಕಾಡು ಅಂದ 2 ಜನಕ್ಕೆ ಎರಡನೇದು ಸಮುದ್ರ, ಕೊನೇದು ಬೆಟ್ಟ.

ಈಗ ಕೂತು ನೋಡೋಣ. ಬರೀ ಮೊದಲನೇ ಇಷ್ಟ ಎಣಿಸಿದ್ರೆ ಬೆಟ್ಟ, ಸರಿ. ಆದ್ರೆ ಅದೇ ಬೆಟ್ಟ ಒಂಬತ್ತರಲ್ಲಿ ಐದು ಜನಕ್ಕೆ ಕಟ್ಟಕಡೇ ಇಷ್ಟ! ಊದಿದ ಮುಖ ಐದು ಅಂದ್ರಲ್ಲ, ಲೆಕ್ಕ ಸರಿಹೋಯ್ತು. ಇನ್ನೊಂದು ಥರ ಮಾಡಿ, ಕಡಿಮೆ ವೋಟು ಬಿದ್ದ ಕಾಡನ್ನ ತೆಗೆದುಹಾಕಿ ಉಳಿದೆರಡಕ್ಕೆ ಮತ್ತೆ ವೋಟು. ಕಾಡಿನ 2 ಜನ ಸಮುದ್ರದ ಕಡೆ ಹೋಗ್ತಾರೆ, ಸಮುದ್ರ 5, ಬೆಟ್ಟ 4. ಸಮುದ್ರ ಗೆದ್ದಿತು. ಮೂರನೇ ಥರ, ಎರಡೆರಡನ್ನೇ ಎದುರುಬದುರು ನಿಲ್ಲಿಸಿ. ಕಾಡು ಮತ್ತು ಬೆಟ್ಟ: ಕಾಡು 5, ಬೆಟ್ಟ 4. ಕಾಡು ಮತ್ತು ಸಮುದ್ರ: ಕಾಡು 6, ಸಮುದ್ರ 3. ಯಾರ ಎದುರು ನಿಲ್ಲಿಸಿದ್ರೂ ಕಾಡೇ ಗೆಲ್ಲುತ್ತೆ. ಅದೇ ಒಂಬತ್ತು ಜನ, ಅವೇ ಇಷ್ಟಗಳು, ಎಣಿಸೋ ರೀತಿ ಮೂರು, ಗೆದ್ದೋರು ಮೂರು. ಅಂದ್ರೆ ಬೆಟ್ಟಕ್ಕೆ ಕಳಿಸಿದ್ದು ನಿಮ್ಮ ಗುಂಪಲ್ಲ, ವೋಟಿನ ನಿಯಮ.

ಇದನ್ನ ಹದಿನೆಂಟನೇ ಶತಮಾನದಲ್ಲೇ ಇಬ್ಬರು ಫ್ರೆಂಚರು ಜಗಳ ಆಡ್ಕೊಂಡು ಬಿಡಿಸಿ ನೋಡಿದ್ರು. ಬೋರ್ಡಾ ಅನ್ನೋನು 1770ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಮುಂದೆ, ಬರೀ ಮೊದಲನೇ ಇಷ್ಟ ಎಣಿಸಿದ್ರೆ ತಪ್ಪಾಗುತ್ತೆ, ಎಲ್ಲ ಸ್ಥಾನಕ್ಕೂ ಅಂಕ ಕೊಡಿ ಅಂದ. ನಿಮ್ಮ ಟ್ರಿಪ್ಪಿಗೆ 2, 1, 0 ಅಂತ ಅಂಕ ಕೊಟ್ರೆ ಕಾಡಿಗೆ 11, ಬೆಟ್ಟಕ್ಕೂ ಸಮುದ್ರಕ್ಕೂ ಎಂಟೆಂಟು. ಕಾಂಡೋರ್ಸೆ ಅನ್ನೋನು 1785ರಲ್ಲಿ ಎದುರುಬದುರು ನಿಲ್ಲಿಸೋದೇ ಸರಿ ಅಂದ, ಅಂದ್ಬಿಟ್ಟು ಅದ್ರಲ್ಲೂ ಇರೋ ತೊಡಕನ್ನ ಅವನೇ ತೋರಿಸ್ಕೊಟ್ಟ. ಕೆಲವೊಮ್ಮೆ ಒಂದನ್ನ ಎರಡು ಸೋಲಿಸುತ್ತೆ, ಎರಡನ್ನ ಮೂರು ಸೋಲಿಸುತ್ತೆ, ಮೂರನ್ನ ಮತ್ತೆ ಒಂದು ಸೋಲಿಸುತ್ತೆ, ಸುತ್ತಿ ಸುತ್ತಿ ಅಲ್ಲೇ ಬಂದು ನಿಲ್ಲುತ್ತೆ, ಗೆದ್ದೋರೇ ಇಲ್ಲ. ಕೆನೆತ್ ಆರೋ ಅನ್ನೋ ಅರ್ಥಶಾಸ್ತ್ರಜ್ಞ 1951ರ ಹೊತ್ತಿಗೆ ಇನ್ನೂ ಮುಂದಕ್ಕೆ ಹೋಗಿ, ಮೂರು ಅಥವಾ ಅದಕ್ಕಿಂತ ಹೆಚ್ಚು ಆಯ್ಕೆ ಇದ್ದಾಗ ನಾವು ನ್ಯಾಯ ಅಂತ ಅಂದ್ಕೊಳ್ಳೋ ಕೆಲವು ಸಾಮಾನ್ಯ ಷರತ್ತುಗಳನ್ನ ಒಟ್ಟಿಗೆ ಪೂರೈಸೋ, ಮೊದಲನೇ ಇಷ್ಟ ಎರಡನೇ ಇಷ್ಟ ಅಂತ ಸಾಲಾಗಿ ಬರೆಸೋ ವೋಟಿಂಗ್ ಪದ್ಧತಿ ಇರೋಕೇ ಸಾಧ್ಯ ಇಲ್ಲ ಅಂತ ಗಣಿತದಲ್ಲಿ ಸಾಧಿಸಿಟ್ಟ. ಇಲ್ಲವೇ ಇಲ್ಲ, ಹುಡುಕಿ ಪ್ರಯೋಜನ ಇಲ್ಲ.

ಹಂಗಂತ ವೋಟು ಹಾಕೋದು ಬಿಡಿ ಅಂತಲ್ಲ. ಮುಂದಿನ ಸಲ "ನಿಂಗೆ ಯಾವುದು ಬೇಕು" ಅಂತ ಒಂದೇ ಕೇಳಬೇಡಿ, "ಯಾವ್ಯಾವುದಾದ್ರೆ ನಡೆಯುತ್ತೆ, ಎಲ್ಲಕ್ಕೂ ಟಿಕ್ ಹಾಕು" ಅಂತ ಕೇಳಿ. ಟ್ರಿಪ್ಪಿಗೆ ಇಷ್ಟು ಸಾಕು. ಮತ್ತೆ ಯಾವ ಥರ ಎಣಿಸ್ತೀವಿ ಅನ್ನೋದನ್ನ ವೋಟು ಬೀಳೋಕೆ ಮುಂಚೆ ಹೇಳಿಬಿಡಿ, ಚೀಟಿ ಬಿಚ್ಚಿದ ಮೇಲೆ ನಿಯಮ ಹುಡುಕೋನು ಗೆಳೆಯ ಅಲ್ಲ, ರಾಜಕಾರಣಿ.

ನಮ್ಮ ಸಂಘದಲ್ಲಿ ಎಲ್ಲವೂ ಸರ್ವಾನುಮತದಿಂದಲೇ ಆಗಬೇಕು ಅಂತ ಬೈಲಾ ಇದೆ. ಒಬ್ಬ ಮಹಾಶಯರು ಪ್ರತಿ ಸಲ ಅಡ್ಡಗಾಲು ಹಾಕ್ತಾರೆ. ಏನ್ಮಾಡೋದು?

ಪೋಲೆಂಡಿನ ಸಂಸತ್ತಲ್ಲಿ ಹಿಂದೆ ಇದೇ ನಿಯಮ ಇತ್ತು, ಒಬ್ಬ ಸದಸ್ಯ "ಒಪ್ಪಲ್ಲ" ಅಂದ್ರೆ ಅಧಿವೇಶನವೇ ಬರ್ಖಾಸ್ತು. 1652ರಲ್ಲಿ ಒಬ್ಬ ಹಂಗೆ ಮಾಡಿದ್ದೇ ದಾರಿ ಆಯ್ತು, ಮುಂದಿನ ಶತಮಾನದಲ್ಲಿ ಅಧಿವೇಶನಗಳು ಒಂದಾದ ಮೇಲೊಂದು ಮುರಿದುಬಿದ್ದು, ಅಕ್ಕಪಕ್ಕದ ರಾಜ್ಯದೋರು ಒಬ್ಬ ಸದಸ್ಯನ ಕೈ ಬಿಸಿ ಮಾಡಿದ್ರೆ ಸಾಕು ಇಡೀ ದೇಶದ ಕೆಲಸ ನಿಲ್ಲಿಸಬಹುದಿತ್ತು. 1791ರ ಸಂವಿಧಾನದಲ್ಲಿ ಅದನ್ನ ತೆಗೆದುಹಾಕಿದ್ರು, ಆದ್ರೆ 1795ಕ್ಕೆ ದೇಶವೇ ನಕಾಶೆಯಿಂದ ಅಳಿಸಿಹೋಗಿತ್ತು. ಅದೊಂದೇ ಕಾರಣ ಅಲ್ಲ, ಆದ್ರೂ.

ಹಂಗಂತ ಸರ್ವಾನುಮತ ಎಲ್ಲಾ ಕಡೆ ಕೆಟ್ಟದ್ದೂ ಅಲ್ಲ. ಅಮೆರಿಕದಲ್ಲಿ ಗಂಭೀರ ಕ್ರಿಮಿನಲ್ ಕೇಸಲ್ಲಿ ಜ್ಯೂರಿ, ಅಂದ್ರೆ ತೀರ್ಪು ಹೇಳೋಕೆ ಕೂರಿಸಿದ ಸಾಮಾನ್ಯ ಜನರ ಗುಂಪು, ಆರೋಪಿ ತಪ್ಪಿತಸ್ಥ ಅನ್ನಬೇಕಾದ್ರೆ ಎಲ್ಲರೂ ಒಪ್ಪಲೇಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲಿ ಎಲ್ಲ ರಾಜ್ಯಗಳಿಗೂ ಅನ್ವಯಿಸಿತು. ಒಬ್ಬನ ಜೀವನ ಹಾಳಾಗೋ ಮಾತು ಅದು, ಅಲ್ಲಿ ತಡ ಆದ್ರೂ ಪರವಾಗಿಲ್ಲ. ನಿಮ್ಮ ಸಂಘದ ಗೇಟಿನ ಬಣ್ಣಕ್ಕೆ ಅಷ್ಟು ಬೇಕಾ? ಬೈಲಾ ತಿದ್ದೋಕಾದ್ರೆ, ಹಿಂದಕ್ಕೆ ತರೋಕಾಗದ ತೀರ್ಮಾನಕ್ಕೆ ಮಾತ್ರ ಸರ್ವಾನುಮತ ಅಂತಿಟ್ಕೊಂಡು ಮಿಕ್ಕಿದ್ದಕ್ಕೆ "ನಿಮಗೆ ಇಷ್ಟನಾ" ಅಂತ ಕೇಳೋದು ಬಿಟ್ಟು "ಇದ್ರಿಂದ ಸಂಘಕ್ಕೆ ಏನು ತೊಂದ್ರೆ ಆಗುತ್ತೆ ಹೇಳಿ" ಅಂತ ಕೇಳಿ. ತೊಂದ್ರೆ ಹೇಳಿದ್ರೆ ಸರಿಪಡಿಸಬಹುದು. ಬರೀ ಇಷ್ಟ ಇಲ್ಲ ಅಂದ್ರೆ ದಾಖಲೇಲಿ ಬರ್ಕೊಂಡು ಮುಂದಕ್ಕೆ ಹೋಗೋದು. ಅಡ್ಡಗಾಲು ಹಾಕೋರಿಗೆ ಬೇಕಾಗಿರೋದು ಎಷ್ಟೋ ಸಲ ತನ್ನ ಮಾತು ಮಿನಿಟ್ಸ್ ಪುಸ್ತಕದಲ್ಲಿ ಬರೋದು ಅಷ್ಟೇ, ನಾನು ನೋಡಿದ್ದೀನಿ.

ಅಕ್ಕಾ, ನಾವು ಮೂರು ಜನ ಮಕ್ಕಳು. ಅಪ್ಪ ಅಮ್ಮ ಇಬ್ಬರೂ ಇಲ್ಲ, ಒಂದು ಮನೆ ಇದೆ, ಮೂವರಿಗೂ ಸಮಪಾಲು, ಅದ್ರಲ್ಲಿ ತಕರಾರಿಲ್ಲ. ಆದ್ರೆ ಮನೇನ ಮೂರು ಹೋಳು ಮಾಡೋಕಾಗಲ್ಲ, ಮಾರೋಕೆ ಒಬ್ರಿಗೆ ಮನಸ್ಸಿಲ್ಲ, ಬೆಲೆ ಎಷ್ಟು ಅಂತ ಮೂವರೂ ಮೂರು ಮಾತು ಹೇಳ್ತೀವಿ. ಮಾತು ನಿಲ್ಲೋ ಹಂತಕ್ಕೆ ಬಂದಿದೆ.

ನೋಡಮ್ಮ, ಬೆಲೆ ಬಗ್ಗೆ ಮೂವರೂ ಮೂರು ಮಾತು ಹೇಳೋದೇ ಇಲ್ಲಿ ಒಳ್ಳೇ ಸುದ್ದಿ, ನಗಬೇಡ, ನಿಜ. ಪೋಲೆಂಡಿನ ಗಣಿತಜ್ಞರು, ಸ್ಟೈನ್‌ಹೌಸ್, ಬಾನಾಖ್, ಕ್ನಾಸ್ಟರ್ ಅಂತ, 1940ರ ದಶಕದಲ್ಲಿ ಈ ಪಾಲು ಹಂಚೋ ಲೆಕ್ಕಾನ ಗಂಭೀರವಾಗಿ ತಗೊಂಡ್ರು. ಇಬ್ಬರಿದ್ರೆ ಸುಲಭ, ಒಬ್ರು ಭಾಗ ಮಾಡಿ ಇನ್ನೊಬ್ರು ಆರಿಸ್ಕೊಳ್ಳೋದು. ಮೂವರಾದ್ರೆ, ಅದೂ ಹೋಳು ಮಾಡೋಕಾಗದ ವಸ್ತು ಆದ್ರೆ, ಕ್ನಾಸ್ಟರ್ ಹೇಳಿದ ದಾರಿ ಇದೆ.

ಮೂವರೂ ಮನೆ ತನಗೆ ಎಷ್ಟು ಬೆಲೆ ಬಾಳುತ್ತೆ ಅಂತ ಗುಟ್ಟಾಗಿ ಬರೆದು ಮುಚ್ಚಿ ಕೊಡಬೇಕು. ದೊಡ್ಡೋರು 90 ಅಂತ ಬರೆದ್ರು, ನೀನು 75, ತಮ್ಮ 60 ಅಂದ್ಕೋ, ಬರೀ ಅಂಕಿ ಇವು. ಅವರವರ ಲೆಕ್ಕದಲ್ಲೇ ಅವರವರ ಮೂರನೇ ಒಂದು ಪಾಲು 30, 25, 20. ಹೆಚ್ಚು ಬರೆದ ದೊಡ್ಡೋರಿಗೆ ಮನೆ. ಅವರ ಪಾಲು 30 ಇದ್ದು 90ರ ವಸ್ತು ಬಂತಲ್ಲ, 60 ಹೊರಗೆ ಹಾಕ್ತಾರೆ. ಅದ್ರಲ್ಲಿ ನಿಂಗೆ 25, ತಮ್ಮನಿಗೆ 20. ಇನ್ನೂ 15 ಉಳೀತು! ಅದನ್ನ ಮೂವರಿಗೂ ಐದೈದು ಹಂಚಿ. ಕೊನೆಗೆ ದೊಡ್ಡೋರು ಮನೆ ತಗೊಂಡು 55 ಕೊಟ್ರು, ನಿಂಗೆ 30 ಬಂತು, ತಮ್ಮನಿಗೆ 25. ಮೂವರಿಗೂ ತಾವು ನ್ಯಾಯ ಅಂತ ಅಂದ್ಕೊಂಡಿದ್ದಕ್ಕಿಂತ 5 ಜಾಸ್ತಿ. ಮೂವರೂ ಒಂದೇ ಬೆಲೆ ಬರೆದಿದ್ರೆ ಈ ಉಳಿಕೆ ಹುಟ್ತಾನೇ ಇರ್ಲಿಲ್ಲ.

ಇದ್ರಲ್ಲಿ ಎರಡು ತೊಡಕಿದೆ, ಮುಚ್ಚಿಡಲ್ಲ. ಮನೆ ತಗೊಳ್ಳೋರ ಹತ್ರ ಹೊರಗೆ ಹಾಕೋಕೆ ದುಡ್ಡಿರಬೇಕು, ಇಲ್ಲಾಂದ್ರೆ ಕಂತು ಮಾತಾಡ್ಕೋಬೇಕು. ಮತ್ತೆ ಇನ್ನೊಬ್ರು ಎಷ್ಟು ಬರೀತಾರೆ ಅಂತ ಮೊದಲೇ ಸುಳಿವು ಸಿಕ್ಕಿದ್ರೆ ಆಟ ಆಡಬಹುದು, ಅದಕ್ಕೇ ಗುಟ್ಟಾಗಿ, ಒಂದೇ ಹೊತ್ತಿಗೆ ಬರೆಯೋದು. ಮಾರೋಕೆ ಮನಸ್ಸಿಲ್ಲ ಅಂದೋರು ಯಾಕೆ ಮನಸ್ಸಿಲ್ಲ ಅಂತ ಯಾರಾದ್ರೂ ಕೇಳಿದ್ರಾ? ನಿನ್ನ ಪತ್ರದಲ್ಲಿ ಅದೊಂದು ಇಲ್ಲ. ಚೀಟಿ ಬರೆಯೋಕೆ ಮುಂಚೆ ಅದನ್ನ ಕೇಳು.

ಎರಡು ಡಿಪಾರ್ಟ್‌ಮೆಂಟ್ ಮಧ್ಯೆ ಮೂರು ತಿಂಗಳಿಂದ ಹಗ್ಗಜಗ್ಗಾಟ. ನಾವು ಒಂದು ಮೆಟ್ಟಿಲು ಇಳಿದ್ರೆ ಅವರು ಎರಡು ಮೆಟ್ಟಿಲು ಮೇಲೆ ಹತ್ತಿ ಕೂರ್ತಾರೆ. ಚೌಕಾಸಿ ಮಾಡೋದು ಹೇಗೆ ಅಂತ ಹೇಳಿಕೊಡಿ, ಮತ್ತೆ ನಂಬರ್ ಮೊದಲು ನಾವು ಹೇಳಬೇಕಾ ಅವರು ಹೇಳಬೇಕಾ?

ಮೇರಿ ಪಾರ್ಕರ್ ಫಾಲೆಟ್ ಅಂತ ಒಬ್ಬ ಮಹಾತಾಯಿ, ಆಡಳಿತದ ಬಗ್ಗೆ ಚಿಂತನೆ ಮಾಡ್ತಿದ್ದೋರು, 1920ರ ದಶಕದಲ್ಲಿ ತಮ್ಮದೇ ಒಂದು ಅನುಭವ ಹೇಳಿದ್ರು. ಲೈಬ್ರರಿಯ ಒಂದು ಚಿಕ್ಕ ರೂಮು, ಅದ್ರಲ್ಲಿ ಇಬ್ಬರು ಓದ್ತಾ ಕೂತಿದ್ದಾರೆ. ಒಬ್ರಿಗೆ ಕಿಟಕಿ ತೆಗೀಬೇಕು, ಫಾಲೆಟ್‌ಗೆ ಮುಚ್ಚಬೇಕು. ಮಾಮೂಲಿ ರಾಜಿ ಅಂದ್ರೆ ಅರ್ಧ ತೆಗೆಯೋದು, ಇಬ್ಬರಿಗೂ ಅರ್ಧ ಕಿರಿಕಿರಿ. ಇವರು ಏನು ಮಾಡಿದ್ರು ಅಂದ್ರೆ, ಪಕ್ಕದ ಖಾಲಿ ರೂಮಿನ ಕಿಟಕಿ ತೆಗೆದ್ರು. ಯಾಕಂದ್ರೆ ಅವರಿಗೆ ಬೇಕಾಗಿದ್ದು ಈ ಕಿಟಕಿ ಅಲ್ಲ, ರೂಮಿಗೆ ಗಾಳಿ. ಇವರಿಗೂ ಗಾಳಿ ಬೇಡ ಅಂತಲ್ಲ, ಬಡಗಣ ಗಾಳಿ ನೇರವಾಗಿ ಮೈಗೆ ಹೊಡೀಬಾರದು ಅಷ್ಟೇ.

ಇದು ಬರೀ ಕಿಟಕಿ ಮಾತು ಅಂತ ತಳ್ಳಿಹಾಕಬೇಡಿ. 1978ರ ಸೆಪ್ಟೆಂಬರಲ್ಲಿ ಅಮೆರಿಕ ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್ಡಲ್ಲಿ ಈಜಿಪ್ಟಿನ ಸಾದಾತ್, ಇಸ್ರೇಲಿನ ಬೆಗಿನ್, ಅಮೆರಿಕದ ಕಾರ್ಟರ್, ಮೂರು ದೇಶದ ನಾಯಕರು, 13 ದಿನ ಕೂತಿದ್ರು. 1967ರ ಯುದ್ಧದಲ್ಲಿ ಇಸ್ರೇಲ್ ಸಿನಾಯ್ ಭೂಭಾಗ ಹಿಡಿದಿತ್ತು. ನಕಾಶೆ ಮೇಲೆ ಎಲ್ಲಿ ಗೆರೆ ಎಳೆದ್ರೂ ಈಜಿಪ್ಟ್ ಒಪ್ತಿರ್ಲಿಲ್ಲ, ನಮ್ಮ ನೆಲ ಒಂದು ಇಂಚೂ ಬಿಡಲ್ಲ ಅಂತ. ಪೂರ್ತಿ ವಾಪಸ್ ಕೊಡೋಕೆ ಇಸ್ರೇಲ್ ಒಪ್ತಿರ್ಲಿಲ್ಲ. ಯಾಕೆ ಅಂತ ಒಳಗೆ ಹೋದಾಗ, ಈಜಿಪ್ಟಿಗೆ ಬೇಕಾಗಿದ್ದು ನೆಲದ ಒಡೆತನ, ಇಸ್ರೇಲಿಗೆ ಬೇಕಾಗಿದ್ದು ಗಡಿ ಪಕ್ಕದಲ್ಲೇ ಈಜಿಪ್ಟಿನ ಟ್ಯಾಂಕು ನಿಲ್ಲದೇ ಇರೋ ಭದ್ರತೆ. ಸಿನಾಯ್ ಪೂರ್ತಿ ಈಜಿಪ್ಟಿಗೆ, ಆದ್ರೆ ಗಡಿ ಹತ್ತಿರದ ದೊಡ್ಡ ಭಾಗದಲ್ಲಿ ಸೈನ್ಯ ಇರಬಾರದು ಅಥವಾ ಮಿತೀಲಿರಬೇಕು. ಮತ್ತೊಂದು, ಕಾರ್ಟರ್ ಕಡೆಯೋರು ಇಬ್ಬರ ಹತ್ರಾನೂ ನಿಮ್ಮ ಕರಡು ಕೊಡಿ ಅನ್ನಲಿಲ್ಲ. ತಾವೇ ಒಂದು ಕರಡು ಬರೆದು, ಇಬ್ಬರಿಗೂ ತೋರಿಸಿ, ಬೈಸ್ಕೊಂಡು, ತಿದ್ದಿ, ಮತ್ತೆ ತೋರಿಸಿ, ಹೀಗೇ ಇಪ್ಪತ್ತಕ್ಕೂ ಹೆಚ್ಚು ಸಲ ಮಾಡಿದ್ರು. ಕಾಗದ ನಂದೂ ಅಲ್ಲ ನಿಂದೂ ಅಲ್ಲ ಅಂದ್ರೆ ತಿದ್ದೋಕೆ ಅವಮಾನ ಆಗಲ್ಲ ನೋಡಿ. ನಿಮ್ಮ ಎರಡು ಡಿಪಾರ್ಟ್‌ಮೆಂಟಿಗೂ ಸೇರದ ಒಬ್ರ ಕೈಲಿ ಒಂದು ಪುಟ ಬರೆಸಿ, ನಾಳೆನೇ.

ನಂಬರ್ ವಿಷಯ. ಟ್ವರ್‌ಸ್ಕಿ, ಕಾನಮನ್ ಅಂತ ಇಬ್ಬರು ಮನಃಶಾಸ್ತ್ರಜ್ಞರು 1974ರಲ್ಲಿ ಒಂದು ತಮಾಷೆ ಪ್ರಯೋಗ ಪ್ರಕಟಿಸಿದ್ರು. ಜನರ ಮುಂದೆ ಒಂದು ಅದೃಷ್ಟ ಚಕ್ರ ತಿರುಗಿಸಿ, ವಿಶ್ವಸಂಸ್ಥೇಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದ್ರು. ಚಕ್ರ 10ಕ್ಕೆ ನಿಂತದ್ದನ್ನ ನೋಡಿದೋರ ಮಧ್ಯದ ಅಂದಾಜು 25, 65ಕ್ಕೆ ನಿಂತದ್ದನ್ನ ನೋಡಿದೋರದ್ದು 45. ಚಕ್ರಕ್ಕೂ ಆಫ್ರಿಕಾಕ್ಕೂ ಏನ್ರೀ ಸಂಬಂಧ! ಆದ್ರೂ ಮೊದಲು ಕಿವಿಗೆ ಬಿದ್ದ ಅಂಕಿ ಗೂಟ ಹೊಡೆದು ಕೂತ್ಬಿಡುತ್ತೆ. ಹಾಗಾಗಿ ವಿಷಯ ಚೆನ್ನಾಗಿ ಗೊತ್ತಿದ್ರೆ ನೀವೇ ಮೊದಲು ಹೇಳಿ, ಕಾರಣದ ಜೊತೆ. ಗೊತ್ತಿಲ್ಲದಿದ್ರೆ ಬಾಯಿ ಮುಚ್ಕೊಂಡು ಕೇಳಿ, ಮೊದಲು ವಿಚಾರಿಸಿ ತಿಳ್ಕೊಳ್ಳಿ.

ಆದ್ರೆ ಗೂಟ ತೀರಾ ದೂರ ಹೊಡೀಬೇಡಿ. 1982ರಲ್ಲಿ ಜರ್ಮನಿಯ ಗ್ಯೂತ್ ಮತ್ತೆ ಅವನ ಜೊತೆಯೋರು ಒಂದು ಆಟ ಮಾಡಿ ನೋಡಿದ್ರು. ಒಬ್ಬನ ಕೈಗೆ ದುಡ್ಡು ಕೊಟ್ಟು, ಎದುರಿನೋನಿಗೆ ಎಷ್ಟು ಕೊಡ್ತೀಯ ಹೇಳು, ಅವನು ಒಪ್ಪಿದ್ರೆ ಇಬ್ಬರಿಗೂ ಸಿಗುತ್ತೆ, ಬೇಡ ಅಂದ್ರೆ ಇಬ್ಬರಿಗೂ ಸೊನ್ನೆ. ಲೆಕ್ಕದ ಪ್ರಕಾರ ಒಂದು ಕಾಸು ಕೊಟ್ರೂ ತಗೋಬೇಕು, ಸೊನ್ನೆಗಿಂತ ಜಾಸ್ತಿ ತಾನೇ. ಆದ್ರೆ ಆಮೇಲೆ ಎಷ್ಟೋ ದೇಶದಲ್ಲಿ ಇದೇ ಆಟ ಆಡಿಸಿದಾಗ, ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಕೊಟ್ರೆ ಸುಮಾರು ಜನ "ನಂಗೂ ಬೇಡ, ನಿಂಗೂ ಬೇಡ ಹೋಗು" ಅಂತ ಎಸೆದುಬಿಡೋದು ಕಂಡುಬಂತು. ನಿಮ್ಮ ಎದುರಿನ ಡಿಪಾರ್ಟ್‌ಮೆಂಟ್ ಎರಡು ಮೆಟ್ಟಿಲು ಹತ್ತಿ ಕೂತಿರೋದಕ್ಕೆ ಇದೇ ಕಾರಣ ಇರಬಹುದು, ನೀವು ಶುರೂಲಿ ಏನು ಕೊಡ್ತೀವಿ ಅಂದಿದ್ರಿ ಅಂತ ಪತ್ರದಲ್ಲಿ ಬರೆದಿಲ್ಲ, ನಂಗೆ ಗುಮಾನಿ.

ಇನ್ನೊಂದು ಮರೆತೆ. ಕೂರೋಕೆ ಮುಂಚೆ ಒಂದು ಹಾಳೇಲಿ ಬರ್ಕೊಳ್ಳಿ, ಈ ಮಾತುಕತೆ ಮುರಿದುಬಿದ್ರೆ ನಾಳೆ ಬೆಳಿಗ್ಗೆ ನಾವು ಏನು ಮಾಡ್ತೀವಿ? ಅದಕ್ಕೆ ಒಳ್ಳೇ ಉತ್ತರ ಇದ್ರೆ ದನಿ ಏರಿಸಬೇಕಾಗೇ ಇಲ್ಲ. ಉತ್ತರ ಇಲ್ಲಾಂದ್ರೆ ಎಷ್ಟು ಕೂಗಾಡಿದ್ರೂ ಎದುರಿನೋರಿಗೆ ಗೊತ್ತಾಗುತ್ತೆ.

ಕೋಟಿಗಟ್ಟಲೆ ಬಜೆಟ್ಟು ಹತ್ತು ನಿಮಿಷಕ್ಕೆ ಪಾಸ್, ಐಡಿ ಕಾರ್ಡಿನ ದಾರದ ಬಣ್ಣಕ್ಕೆ ಒಂದೂವರೆ ಗಂಟೆ. ಇದು ನಮ್ಮಲ್ಲಿ ಮಾತ್ರಾನಾ?

ಇಲ್ಲ. ಪಾರ್ಕಿನ್ಸನ್ ಅನ್ನೋ ಇಂಗ್ಲಿಷ್ ಇತಿಹಾಸಕಾರ 1957ರಲ್ಲೇ ಇದನ್ನ ಗೇಲಿ ಮಾಡಿದ್ದ, ಅವನ ಸಮಿತಿ ಅಣು ಸ್ಥಾವರಕ್ಕೆ ಕಣ್ಣು ಮಿಟುಕಿಸೋದ್ರಲ್ಲಿ ಒಪ್ಪಿಗೆ ಕೊಟ್ಟು ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಕಿತ್ತಾಡುತ್ತೆ. ಸ್ಥಾವರ ಯಾರಿಗೂ ಅರ್ಥ ಆಗಲ್ಲ, ಶೆಡ್ಡು ಎಲ್ಲರಿಗೂ ಗೊತ್ತು. ದಾರದ ಬಣ್ಣ ಒಬ್ರ ಕೈಗೆ ಕೊಟ್ಟುಬಿಡಿ. ನೀಲಿ ಮಾಡಿಸ್ತಾರೆ, ಎಲ್ಲರೂ ನೀಲೀನೇ ಮಾಡಿಸೋದು.

ನಾನು ಇಂಜಿನಿಯರ್. ಒಂದು ತೀರ್ಮಾನ ತಪ್ಪು ಅಂತ ಗುಂಪಲ್ಲಿ ನಂಗೊಬ್ಬಳಿಗೇ ಅನ್ನಿಸ್ತಿದೆ. ಹೇಳಿದ್ರೆ "ಪ್ರೂವ್ ಮಾಡು" ಅಂತಾರೆ, ಪೂರ್ತಿ ಪ್ರೂವ್ ಮಾಡೋಕೆ ನನ್ನ ಹತ್ರ ಡೇಟಾ ಇಲ್ಲ. ಸುಮ್ಮನಿರ್ಲಾ?

ಬೇಡಮ್ಮ. 1986ರ ಜನವರಿ 27ರ ಸಂಜೆ ಒಂದು ಫೋನ್ ಮೀಟಿಂಗ್ ಆಯ್ತು, ನಿಂಗೆ ಆ ಕಥೆ ಗೊತ್ತಿರಬಹುದು. ಮರುದಿನ ಅಮೆರಿಕದ ನಾಸಾ ಸಂಸ್ಥೆಯ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು, ರಾತ್ರಿ ವಿಪರೀತ ಚಳಿ. ರಾಕೆಟ್ ಮಾಡಿದ ಕಂಪನಿಯ ಇಂಜಿನಿಯರ್‌ಗಳು, ಚಳೀಲಿ ರಬ್ಬರ್ ಸೀಲು ಗಡಸಾಗಿ ಸರಿಯಾಗಿ ಕೂರಲ್ಲ, ಉಷ್ಣಾಂಶ 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 12 ಡಿಗ್ರಿ ಸೆಲ್ಸಿಯಸ್) ಕಡಿಮೆ ಇದ್ರೆ ಹಾರಿಸಬೇಡಿ ಅಂದ್ರು. ನಾಸಾ ಕಡೆಯಿಂದ ಒತ್ತಡ ಬಂತು. ಐದು ನಿಮಿಷ ಕೊಡಿ ಅಂತ ಲೈನ್ ಮ್ಯೂಟ್ ಮಾಡಿ ಅವರವರೇ ಮಾತಾಡಿದ್ರು, ಅದು ಅರ್ಧ ಗಂಟೆ ಆಯ್ತು. ಕೊನೆಗೆ ಇಂಜಿನಿಯರ್‌ಗಳನ್ನ ಬದಿಗಿಟ್ಟು ನಾಲ್ಕು ಜನ ಮ್ಯಾನೇಜರ್‌ಗಳು ಹಾರಿಸಬಹುದು ಅಂದ್ರು. ಬೆಳಿಗ್ಗೆ ನೌಕೆ ಹಾರಿ 73 ಸೆಕೆಂಡಿಗೆ ಛಿದ್ರ ಆಯ್ತು, ಏಳು ಜನ ಹೋದ್ರು.

ಅಲ್ಲಿ ಕೆಟ್ಟದ್ದು ಎಲ್ಲಿ ಅಂತ ನೋಡು. ಇಂಜಿನಿಯರ್‌ಗಳು ಮಾತಾಡಿದ್ರು, ಸುಮ್ಮನೆ ಕೂತಿರ್ಲಿಲ್ಲ. ಆದ್ರೆ ಸಾಮಾನ್ಯವಾಗಿ "ಇದು ಸುರಕ್ಷಿತ ಅಂತ ತೋರಿಸಿ, ಆಮೇಲೆ ಹಾರಿಸೋಣ" ಅಂತ ಇರಬೇಕಾದ ಪ್ರಶ್ನೆ ಆ ರಾತ್ರಿ "ಅಪಾಯ ಅಂತ ಸಾಬೀತು ಮಾಡಿ, ಇಲ್ಲಾಂದ್ರೆ ಹಾರಿಸ್ತೀವಿ" ಅಂತ ತಿರುಗಿಹೋಯ್ತು. ನಿಂಗೆ "ಪ್ರೂವ್ ಮಾಡು" ಅಂತಿದ್ದಾರಲ್ಲ, ಅದೇ ತಿರುವು. ಆಗ ಡೇಟಾ ಇಲ್ಲ ಅಂತ ತಲೆ ತಗ್ಗಿಸಬೇಡ, "ಸರಿ, ಇದು ಸೇಫ್ ಅಂತ ನಿಮ್ಮ ಹತ್ರ ಇರೋ ಡೇಟಾ ತೋರಿಸಿ" ಅಂತ ಕೇಳು. ಏನು ಆಗಬಹುದು, ಯಾವ ಪರಿಸ್ಥಿತೀಲಿ, ಯಾವ ಟೆಸ್ಟ್ ಮಾಡಿದ್ರೆ ನಿನ್ನ ಮನಸ್ಸು ಬದಲಾಗುತ್ತೆ ಅಂತ ಮೂರೇ ಸಾಲು ಮೇಲ್ ಹಾಕು. ಮತ್ತೆ ಮೀಟಿಂಗಿಗೆ ಮುಂಚೆ ಒಬ್ಬರನ್ನ, ಒಬ್ಬರೇ ಸಾಕು, ಕರ್ಕೊಂಡು ಕೂತು ನಿನ್ನ ಲೆಕ್ಕ ತೋರಿಸು. ಮೇಲೆ ಆಶ್ ಪ್ರಯೋಗ ಹೇಳಿದ್ನಲ್ಲ, ಒಂಟಿ ದನಿಗೂ ಎರಡು ದನಿಗೂ ಇರೋ ಅಂತರ ಎರಡಕ್ಕೂ ಹತ್ತಕ್ಕೂ ಇಲ್ಲ.

ಗುಂಪಿಗೆ ಬುದ್ಧಿ ಜಾಸ್ತಿನಾ, ಒಬ್ಬ ಜಾಣನಿಗೆ ಜಾಸ್ತಿನಾ? ಕಾಲೇಜಲ್ಲಿ ಡಿಬೇಟ್ ಇದೆ, ಬೇಗ ಹೇಳಿ.

ಬೇಗ ಅಂದ್ರೆ ಬೇಗ. ಗಾಲ್ಟನ್ ಅನ್ನೋ ಇಂಗ್ಲಿಷ್ ವಿಜ್ಞಾನಿ 1907ರಲ್ಲಿ ಒಂದು ಜಾತ್ರೆಯ ಪಂದ್ಯದ ಚೀಟಿಗಳನ್ನ ಲೆಕ್ಕ ಹಾಕಿದ. ಒಂದು ಎತ್ತಿನ ಮಾಂಸದ ತೂಕ ಎಷ್ಟಾಗುತ್ತೆ ಅಂತ 787 ಜನ ಬರೆದಿದ್ದ ಊಹೆ. ನಿಜವಾದ ತೂಕ 1198 ಪೌಂಡ್, ಊಹೆಗಳ ಸರಿಮಧ್ಯದ್ದು 1207. ಶೇಕಡಾ ಒಂದರಷ್ಟೂ ತಪ್ಪಿಲ್ಲ. ಗುಂಪಿಗೆ ಜೈ ಅನ್ನೋಕೆ ಮುಂಚೆ ನೋಡಿ, ಅವರು ಚೀಟೀಲಿ ಒಬ್ಬೊಬ್ಬರೇ ಬರೆದಿದ್ರು, ಒಟ್ಟಿಗೆ ಕೂತು ಚರ್ಚೆ ಮಾಡಿರ್ಲಿಲ್ಲ. ಎದುರು ಪಾರ್ಟಿ ಗಾಲ್ಟನ್ ಹೆಸರು ತೆಗೆದ್ರೆ ಇದನ್ನ ಎತ್ತಿ ಒಗೀರಿ. ಅವರು ತೆಗೀದಿದ್ರೆ ನೀವೇ ತೆಗೀರಿ.

ಈ ಕಾಲಮ್ಮಿಗೆ ಯಾವ ಪ್ರಶ್ನೆ ಹಾಕಬೇಕು ಅಂತ ನೀವು ಹೇಗೆ ತೀರ್ಮಾನ ಮಾಡ್ತೀರಿ ಮೇಡಂ?

ನಾನು ಮತ್ತೆ ಪೇಜ್ ಮಾಡೋ ಹುಡುಗ, ಇಬ್ಬರೂ ಬೇರೆ ಬೇರೆ ಪಟ್ಟಿ ಬರೀತೀವಿ, ಆಮೇಲೆ ಅದಲುಬದಲು. ಇಬ್ಬರ ಪಟ್ಟೀಲೂ ಇದ್ದದ್ದು ಮೊದಲು ಒಳಗೆ. ಈ ಸಲ ಒಂದೇ ಒಂದಕ್ಕೆ ಜಗಳ ಆಯ್ತು, ನಿಮ್ಮ ಪ್ರಶ್ನೆಗೆ. ಇದನ್ನ ಹಾಕಿದ್ರೆ ಜಾಗ ಸಾಲಲ್ಲ ಅಂತ ಅವನು, ಹಾಕಲೇಬೇಕು ಅಂತ ನಾನು. ಯಾಕೆ ಜಾಗ ಸಾಲಲ್ಲ ಅಂತ ಕೇಳಿದ್ರೆ, ಕೆಳಗಡೆ ಅವನು ಬರೆದ ಚಿತ್ರ ಇದೆಯಂತೆ, ಅದನ್ನ ಚಿಕ್ಕದು ಮಾಡೋಕೆ ಮನಸ್ಸಿಲ್ಲ. ನನ್ನ ಫೋಟೋ ತೆಗೆದುಹಾಕಿದ್ವಿ.